ಸೇಸಪ್ಪನ ಶುಗರ್

ನಮ್ಮನೆಯಲ್ಲಿ ಶುಗರ್ ಇರುವವರು ಇಬ್ಬರು, ಒಂದು ಅಮ್ಮ, ಇನ್ನೊಂದು ಸೇಸಪ್ಪ. ಸೇಸಪ್ಪ ಅಂದ್ರೆ ಬೆಕ್ಕು ಮಾರಾಯ್ರೆ, ಮಂಗಳೂರಿನ ಬಿಜೈಯ ಗಲ್ಲಿಯಲ್ಲಿ ಸಿಕ್ಕಿದ ಊರ ಬೆಕ್ಕು, ಆಪರೇಷನ್ ಆದ್ಮೇಲೆ ಮನೆ ಬಿಟ್ಟು ದೂರ ಹೋಗದೆ ಗುಂಡಗೆ ಆದವ. ಅಮ್ಮ ಫೋನಲ್ಲಿ ಎಲ್ರ ಹತ್ರ "ಸೇಸಪ್ಪನದ್ದು ಇವತ್ತು 310 ಉಂಟು" ಅಂತ ಹೇಳ್ತಾ ಇರ್ತಾರೆ, ಕಾರ್ಕಳದ ದೊಡ್ಡಮ್ಮ ಪಾಪ ಯಾರೋ ಬಾಡಿಗೆಯವರು ಅಂದುಕೊಂಡು "ಅವರಿಗೆ ರಾತ್ರಿ ಅನ್ನ ಬೇಡ, ಚಪಾತಿ ಕೊಡು" ಅಂದಿದ್ರು.

ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಇರುವೆ. ಬಕೆಟ್‌ಗೆ ಮುಖ ಹಾಕಿ ನೀರು ಕುಡಿಯುದು, ಹೋದಲ್ಲೆಲ್ಲ ಮೂತ್ರ, ಎಷ್ಟು ತಿಂದ್ರೂ ಹಸಿವೆ, ಆದ್ರೆ ಬೆನ್ನಿನ ಮೂಳೆ ಕಾಣ್ತಾ ಉಂಟು, ಇದೆಲ್ಲ ನಾವು ಸೆಕೆಗೆ ಅಂದುಕೊಂಡಿದ್ವು. ಬಚ್ಚಲಲ್ಲಿ ಅವ ಮಾಡಿದ ಜಾಗಕ್ಕೆ ಇರುವೆ ಸಾಲು ಹಿಡಿದದ್ದು ನೋಡಿ ಅಮ್ಮ ಸೊಂಟಕ್ಕೆ ಕೈಕೊಟ್ಟು "ಇವನಿಗೆ ನನ್ನದೇ" ಅಂದ್ರು. ಸ್ವಲ್ಪ ಖುಷಿಯೂ ಆದ ಹಾಗಿತ್ತು.

ಡಾಕ್ಟ್ರು ಎಂತ ತಿಂತಾನೆ ಅಂತ ಕೇಳಿದ್ರು. ನಾನು ಬೂತಾಯಿ ಮೀನು ಅಂದೆ. ಅಮ್ಮ ಹಿಂದಿನಿಂದ ಗಂಜಿ, ನೀರ್‌ದೋಸೆ, ಮಾರಿ ಬಿಸ್ಕೆಟ್, ಸಂಜೆ ಪಕ್ಕದ ಮನೆ ಬಾಯಮ್ಮನಲ್ಲಿ ಸಣ್ಣ ಪೀಸ್ ಸನ್ನ, ಅಂದ್ರೆ ಅವರ ಅಕ್ಕಿ ಇಡ್ಲಿ, ಅಂತ ಪೂರ್ತಿ ಜಾತಕ ಓದಿದ್ರು. ಅಲ್ಲಿಗೆ ಅಕ್ಕಿ ಬಂದ್. ಬೆಕ್ಕಿಗೆ ಬೇಕಾದದ್ದು ಮೀನು ಮಾಂಸ, ಪಿಷ್ಟ ಅಲ್ಲ, ಒಣ ಕಾಳಿನ ಫುಡ್ಡಲ್ಲೂ ಪಿಷ್ಟ ಜಾಸ್ತಿ ಅಂದ್ರು. ಸರಿ, ಆದ್ರೆ ಅದು ಜೂನ್ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಮೀನಿನ ಸ್ಕೂಟರ್‌ನವ ಹಾರ್ನ್ ಹಾಕಿದ್ರೆ ರೇಟ್ ಕೇಳಿಯೇ ಹೊಟ್ಟೆ ತುಂಬ್ತದೆ. ಹಾಗೆ ಆ ಮಳೆಗಾಲ ಪೂರ್ತಿ ಸೇಸಪ್ಪನಿಗೆ ಉಪ್ಪಿಲ್ಲದೆ ಬೇಯಿಸಿದ ಬಂಗುಡೆ, ನಮಗೆ ಸೌತೆಕಾಯಿ ಹುಳಿ.

ಇನ್ನು ಇನ್ಸುಲಿನ್. 12 ಗಂಟೆಗೊಮ್ಮೆ, ಒಂದೇ ಒಂದು ಯುನಿಟ್, ಕುತ್ತಿಗೆ ಕೆಳಗಿನ ಚರ್ಮ ಎತ್ತಿ ಚುಚ್ಚುದು. ಇದಕ್ಕೆ ಅವ ಏನೂ ಹೇಳುದಿಲ್ಲ, ಬಂಗುಡೆ ಮೇಲೆಯೇ ಗಮನ. ಕಷ್ಟ ಇರುದು ಫ್ರಿಜ್ಜಲ್ಲಿ. ಅಮ್ಮನ ಬಾಟ್ಲಿ 40ರದ್ದು, ಅಂದ್ರೆ ಒಂದು ಎಂಎಲ್‌ಗೆ 40 ಯುನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಸೇಸಪ್ಪನದ್ದು 100ರದ್ದು, ಕಿತ್ತಳೆ ಮುಚ್ಚಳ. ಅವನ ಮದ್ದನ್ನು ಅಮ್ಮನ ಸಿರಿಂಜಲ್ಲಿ ಎಳೆದ್ರೆ ಒಂದು ಗೆರೆಗೆ ಎರಡೂವರೆ ಪಟ್ಟು ಹೋಗ್ತದೆ, ಬೆಕ್ಕಿನ ಕಥೆ ಮುಗೀತು. ಅದಕ್ಕೆ ನಾನು ಎರಡು ಬೇರೆ ಬೇರೆ ಡಬ್ಬಿ ಮಾಡಿ ಹೆಸರು ಬರೆದು ಇಟ್ಟಿದ್ದೇನೆ. ಅಮ್ಮನ ಡಬ್ಬಿ ಕೆಳಗೆ, ಅವನದ್ದು ಮೇಲಿನ ಶೆಲ್ಫಲ್ಲಿ, ಅದಕ್ಕೂ ಅಮ್ಮನಿಗೆ ಬೇಜಾರು.

ಶುಗರ್ ನೋಡ್ಲಿಕ್ಕೆ ರಕ್ತ ತೆಗಿಯುದು ಕಿವಿಯ ಅಂಚಿಂದ. ಅಲ್ಲಿ ಒಂದು ಸಪೂರ ನರ ಹೋಗ್ತದೆ, ಕಿವಿ ಬೆಚ್ಚಗಾಗದೆ ಅದರಿಂದ ಒಂದು ಹನಿ ಬರುದಿಲ್ಲ. ಕಾಲುಚೀಲಕ್ಕೆ ಅಕ್ಕಿ ತುಂಬಿಸಿ ಬಿಸಿ ಮಾಡಿ ಕಿವಿಗೆ ಒತ್ತಿ ಅಂದ್ರು ಡಾಕ್ಟ್ರು, ನಮ್ಮಲ್ಲಿ ಇರುದು ಕುಚ್ಚಲಕ್ಕಿ, ತವಾದಲ್ಲಿ ಬಿಸಿ ಮಾಡಿ ಚೀಲಕ್ಕೆ ಸುರಿದ ಕೂಡ್ಲೆ ಗಂಜಿ ಪರಿಮಳ, ಸೇಸಪ್ಪ ಕಿವಿ ಕೊಡುದು ಬಿಟ್ಟು ಕಾಲುಚೀಲವನ್ನೇ ಕಚ್ಚಿ ಎಳಿತಾನೆ. ಅಮ್ಮ ಬಾಗಿಲಲ್ಲಿ ನಿಂತು "ತಿನ್ಲಿಕ್ಕೆ ಕೊಡುದಿಲ್ಲ, ಕಿವಿಗೆ ಕಟ್ತಾರೆ" ಅಂತ ಅವನ ಪರ ವಕಾಲತ್ತು. ಕೊನೆಗೆ ಹನಿ ಬಂತು ಅನ್ನುವಾಗ ತಲೆ ಕೊಡವ್ತಾನೆ, ಹನಿ ಗೋಡೆಗೆ. ಮೆಸ್ಕಾಂನಿಂದ ಕರೆಂಟ್ ಮೀಟರ್ ನೋಡ್ಲಿಕ್ಕೆ ಬಂದವ ಆ ಗೋಡೆ ನೋಡಿ ಬಿಲ್ ಕೊಟ್ಟು ಬೇಗ ಹೋದ. ಮತ್ತೆ ಮಳೆಗಾಲದಲ್ಲಿ ರಕ್ತದ ಹನಿ ಹಾಕುವ ಸ್ಟ್ರಿಪ್‌ನ ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲ ಇದ್ರೂ ಥಂಡಿ ಹಿಡಿದು ಶುಗರ್ ಮೀಟರ್ ಎರರ್ ಅಂತದೆ, ಚುಚ್ಚಿದ್ದು ವೇಸ್ಟ್.

ಕ್ಲಿನಿಕ್ಕಲ್ಲೇ ಮಾಡಿಸಬಹುದಲ್ವಾ ಅಂತ ನೀವು ಕೇಳಬಹುದು. ರಿಕ್ಷಾದಲ್ಲಿ ಹೊಂಡ ಹಾರಿ, ಮಳೆಗೆ ನೆನೆದು, ಅಲ್ಲಿ ಹೋದ್ರೆ ನಾಯಿ ಬೊಗಳಿ, ಹೆದರಿಕೆಗೇ ಬೆಕ್ಕಿನ ಶುಗರ್ ಏರ್ತದೆ. ಕ್ಲಿನಿಕ್ಕಲ್ಲಿ 420 ಇದ್ದವ ಮನೆಗೆ ಬಂದು ಮಲಗಿ ಎದ್ದ ಮೇಲೆ 240. ಅದಕ್ಕೇ ಡಾಕ್ಟ್ರು ಮನೆಯಲ್ಲೇ ಎರಡು ಗಂಟೆಗೊಮ್ಮೆ ನೋಡಿ ಬರೆದಿಡಿ ಅಂದದ್ದು. ಮೀಟರ್ ಅಮ್ಮನದ್ದೇ. ಮನುಷ್ಯರ ಮೀಟರ್ ಬೆಕ್ಕಿಗೆ ಸ್ವಲ್ಪ ಕಮ್ಮಿ ತೋರಿಸ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ ಅಂತ ಅವರೇ ಹೇಳಿದ್ರು.

ಇದರಲ್ಲಿ ನನಗೆ ಅನ್ಯಾಯ ಅನ್ನಿಸುದು ಎಂತ ಗೊತ್ತುಂಟಾ, ಬೆಕ್ಕಿನ ನಾಲಿಗೆಗೆ ಸಿಹಿಯೇ ತಿಳಿಯುದಿಲ್ಲ. ಹೋಳಿಗೆ ತಿಂದು ಶುಗರ್ ಬಂದ್ರೆ ಒಂದು ಮರ್ಯಾದೆ ಉಂಟು. ಇವನಿಗೆ ಆ ಸುಖವೂ ಇಲ್ಲ. ಅಮ್ಮನ ಬೆಲ್ಲದ ಡಬ್ಬಿಯ ಬಗ್ಗೆ ನಾನಿಲ್ಲಿ ಮಾತಾಡುದಿಲ್ಲ.

ಮೊನ್ನೆ ಮಧ್ಯಾಹ್ನ ಸೇಸಪ್ಪ ಎದ್ದು ನಾಲ್ಕು ಹೆಜ್ಜೆ ನಡೆದು ವಾಲಿದ. ಬೆಳಿಗ್ಗೆ ತಿಂದದ್ದನ್ನು ಹಿತ್ತಿಲಲ್ಲಿ ವಾಂತಿ ಮಾಡಿದ್ದಾನೆ ಅಂತ ಆಮೇಲೆ ಗೊತ್ತಾದದ್ದು. ಮೀಟರಲ್ಲಿ 48. ಶುಗರ್ ಸ್ವಲ್ಪ ಜಾಸ್ತಿ ಆದ್ರೆ ನಾಳೆ ನೋಡುವ ಅನ್ನಬಹುದು, ಇಳಿದ್ರೆ ಈಗಲೇ ನೋಡ್ಬೇಕು. ಜೇನಿನ ಬಾಟ್ಲಿ ತೆಗೆದು ಬೆರಳಿಂದ ಅವನ ಒಸಡಿಗೆ ಉಜ್ಜಿದೆ, ಇನ್ನೊಂದು ಕೈಯಲ್ಲಿ ಡಾಕ್ಟ್ರಿಗೆ ಫೋನ್, ತಿಂದ್ರೆ ಸ್ವಲ್ಪ ಊಟ ಕೊಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ, ಏರದಿದ್ರೆ ಕೂಡ್ಲೆ ಕರ್ಕೊಂಡು ಬನ್ನಿ ಅಂದ್ರು. ಏರಿತು. ಸೇಸಪ್ಪ ಎದ್ದು ಮೀಸೆಯಲ್ಲಿದ್ದ ಜೇನನ್ನು ಪಂಜದಿಂದ ಒರೆಸಿಕೊಂಡು, ಗಲೀಜು ಮಾಡಿದ್ದೀ ಅನ್ನುವ ಹಾಗೆ ನನ್ನನ್ನು ನೋಡಿದ. ಸಂಜೆಯ ಇಂಜೆಕ್ಷನ್ ಬೇಡ, ನಾಳೆಯಿಂದ ಡೋಸ್ ಕಮ್ಮಿ ಅಂತ ಆಯ್ತು.

ಅಷ್ಟು ಹೊತ್ತೂ ಅಮ್ಮ ಪಕ್ಕದಲ್ಲೇ ಕೂತಿದ್ರು, ಕಣ್ಣು ಜೇನಿನ ಬಾಟ್ಲಿ ಮೇಲೆ.

"ನಂಗೂ ಒಂಥರಾ ತಲೆ ತಿರುಗಿದ ಹಾಗೆ ಆಗ್ತಾ ಉಂಟು ಮಗ."

ಬೆರಳು ಕೊಡಿ ಅಂದೆ. ಚುಚ್ಚಿದೆ. 231.

ಅಮ್ಮ ಮೀಟರನ್ನು ಕೈಗೆ ತಗೊಂಡು ಆಚೆ ಈಚೆ ತಿರುಗಿಸಿ ನೋಡಿದ್ರು. "ಅವನಿಗಾದ್ರೆ ಕಮ್ಮಿ ತೋರಿಸ್ತದೆ, ನಂಗೆ ಮಾತ್ರ ಜಾಸ್ತಿ. ಇದು ಅವನ ಪಾರ್ಟಿ."