ಡಿಸ್ಟ್ರಿಬ್ಯೂಟರ್ ಸೋರಿದರೆ ಪೂರ್ತಿ ಅಸೆಂಬ್ಲಿ ಯಾಕೆ ಬದಲಾಯಿಸಬೇಕು?

ಹುಬ್ಬಳ್ಳಿ-ಧಾರವಾಡದಲ್ಲಿ ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡಿರುವ ಗೆಳೆಯರಿಗೆ ಒಂದು ಮಾತು. ಡಿಸ್ಟ್ರಿಬ್ಯೂಟರ್, ಅಂದರೆ ಸ್ಪಾರ್ಕ್ ಪ್ಲಗ್‌ಗಳಿಗೆ ಸರದಿಯಂತೆ ಕರೆಂಟು ಹಂಚುವ ಸಾಮಾನಿನ ಹತ್ತಿರ ಆಯಿಲ್ ಜಿನುಗುವುದು ಕಂಡರೆ ಗಾಬರಿ ಬೀಳಬೇಡಿ. ಯಾರಾದರೂ ‘ಅಸೆಂಬ್ಲಿನೇ ಹೋಗಿದೆ’, ಅಂದರೆ ಇಡೀ ಸೆಟ್ಟೇ ಬದಲಾಯಿಸಬೇಕು ಅಂದರೆ ಹೂಂ ಅಂದುಬಿಡಬೇಡಿ. ಎಷ್ಟೋ ಸಲ ಹೋಗಿರುವುದು ಬರೀ ಒಂದು ರಬ್ಬರ್ ರಿಂಗು. ದುರ್ಗದ ಬೈಲಿನಲ್ಲಿ ಒಂದು ಪ್ಲೇಟ್ ಗಿರ್ಮಿಟ್, ಜೊತೆಗೆ ಎರಡು ಮಿರ್ಚಿ ತಿಂದಷ್ಟು ಖರ್ಚಿನಲ್ಲಿ ಮುಗಿಯುವ ಸಾಮಾನು ಅದು.

ನನ್ನದು ಕೆಎ-25 ನಂಬರಿನ 2001ರ ಹೋಂಡಾ ಸಿಟಿ. 1998ರಲ್ಲಿ ನಮ್ಮ ದೇಶಕ್ಕೆ ಬಂದು 2003ರವರೆಗೆ ಮಾರಾಟವಾದ ಮೊದಲ ಸಿಟಿ. ಇಪ್ಪತ್ತು ವರ್ಷ ಬಿಸಿಯಲ್ಲಿ ಬೆಂದ ರಬ್ಬರ್ ಯಾವ ಕಂಪನಿಯದಾದರೂ ಗಟ್ಟಿಯಾಗುತ್ತದೆ, ಅದು ಕಾರಿನ ತಪ್ಪಲ್ಲ. ಆದರೆ ನಾನು ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದವರು ಡಿಸ್ಟ್ರಿಬ್ಯೂಟರ್‌ನ ಮುಚ್ಚಳ, ಅಂದರೆ ಕ್ಯಾಪ್ ಕೂಡ ಬಿಚ್ಚಿ ನೋಡಲಿಲ್ಲ. ‘ಹೊಸಾದು ಸಿಗಂಗಿಲ್ರಿ, ಸೆಕೆಂಡ್ ಹ್ಯಾಂಡ್ ತರಸ್ತೀನಿ’ ಅಂದರು. ಇನ್ನೊಂದು ಹಳೇ ಕಾರಿನಿಂದ ಬಿಚ್ಚಿದ ಡಿಸ್ಟ್ರಿಬ್ಯೂಟರ್‌ನಲ್ಲಿ ಇರುವುದೂ ಅಷ್ಟೇ ಹಳೇ ರಬ್ಬರ್ ಅಲ್ವಾ? ದುಡ್ಡು ಕೊಟ್ಟು ಅದೇ ಸೋರಿಕೆಯನ್ನು ಮತ್ತೆ ಮನೆಗೆ ತಂದಂತಾಗುತ್ತದೆ.

ಆಯಿಲ್ ಎಲ್ಲಿಂದ ಬರುತ್ತಿದೆ ಅಂತ ಮೊದಲು ಗೊತ್ತಾಗಬೇಕು. ಸಿಟಿಯಲ್ಲಿ ಡಿಸ್ಟ್ರಿಬ್ಯೂಟರ್ ಹೆಡ್‌ನ, ಅಂದರೆ ಇಂಜಿನ್ನಿನ ಮೇಲ್ಭಾಗದ ತುದಿಯಲ್ಲಿ ಕೂತಿದೆ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟೇ ಅದನ್ನು ತಿರುಗಿಸುತ್ತದೆ. ಹೆಡ್ ಒಳಗೆ ಆಯಿಲ್ ಇದ್ದೇ ಇರುತ್ತದೆ. ಅದನ್ನು ತಡೆಯಲು ಎರಡು ಕಡೆ ರಬ್ಬರ್ ಇದೆ. ಬಾಡಿಯ ಸುತ್ತ ಓ-ರಿಂಗ್, ಒಳಗೆ ಶಾಫ್ಟಿನ ಸುತ್ತ ಆಯಿಲ್ ಸೀಲ್. ಓ-ರಿಂಗ್ ಹೋದರೆ ಆಯಿಲ್ ಹೊರಗಿನಿಂದ ಇಳಿದು ಗೇರ್‌ಬಾಕ್ಸ್ ಮೇಲೆ ಧೂಳು ಹಿಡಿದು ಕೂರುತ್ತದೆ, ಗಾಡಿ ಮಾತ್ರ ಚೆನ್ನಾಗೇ ಓಡುತ್ತದೆ. ಒಳಗಿನ ಸೀಲ್ ಹೋದರೆ ಕಥೆ ಬೇರೆ. ಆಯಿಲ್ ಕ್ಯಾಪ್ ಒಳಗೆ ಸೇರುತ್ತದೆ, ಕಾರ್ಬನ್ ಪುಡಿ ಜೊತೆ ಕಲಸಿಕೊಳ್ಳುತ್ತದೆ, ಒಳಗೆ ತಿರುಗುವ ರೋಟರ್‌ನಿಂದ ಪ್ಲಗ್ ವೈರಿಗೆ ಹೋಗಬೇಕಾದ ಕರೆಂಟು ಅಡ್ಡದಾರಿ ಹಿಡಿಯುತ್ತದೆ, ಆಮೇಲೆ ಶುರು ನೋಡಿ ಇಂಜಿನ್ ತಡವರಿಸುವ ಮಿಸ್ಸಿಂಗ್. ಧಾರವಾಡದ ಜಿಟಿಜಿಟಿ ಮಳೆಯ ತೇವ ಬೇರೆ ಸೇರಿಕೊಂಡರೆ ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಕಷ್ಟ. ಫಿಯೆಟ್, ಅಂಬಾಸಿಡರ್‌ನಂಥ ಪಾಯಿಂಟ್ (ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್) ಇರುವ ಗಾಡಿಗಳಲ್ಲಿ ಆಯಿಲ್ ಬಿದ್ದ ಪಾಯಿಂಟ್ ಸುಟ್ಟು ಕಪ್ಪಾಗುತ್ತದೆ.

ಅದಕ್ಕೇ ಹೇಳುವುದು, ಮೊದಲು ಕ್ಯಾಪ್ ಬಿಚ್ಚಿಸಿ. ಒಳಗೆ ಒಣಗಿದ್ದರೆ ಓ-ರಿಂಗ್ ಮೇಲೆ ಅನುಮಾನ, ಜಿಡ್ಡಿದ್ದರೆ ಒಳಗಿನ ಸೀಲು. ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್ ಸೋರಿ ಆಯಿಲ್ ಕೆಳಗಿಳಿದು ಡಿಸ್ಟ್ರಿಬ್ಯೂಟರ್ ಮೇಲೆ ಅಪವಾದ ಬರುವುದೂ ಉಂಟು. ಸುತ್ತ ಪೂರ್ತಿ ತೊಳೆದು ಒರೆಸಿ, ಗದಗಿಗೊಂದು ಸಲ ಹೋಗಿಬಂದು ನೋಡಿ, ಹೊಸ ಜಿಡ್ಡು ಎಲ್ಲಿಂದ ಶುರುವಾಗಿದೆ ಅಂತ ಕಾಣುತ್ತದೆ. ಇಂಜಿನ್ ಒಳಗೆ ತುಂಬುವ ಗ್ಯಾಸನ್ನು ಹೊರಬಿಡುವ ಪಿಸಿವಿ ವಾಲ್ವ್ ಕೂಡ ನೋಡಿಸಿ. ಅದು ಕಟ್ಟಿಕೊಂಡರೆ ಇಂಜಿನ್ ಒಳಗೆ ಒತ್ತಡ ಏರಿ ಹೊಸ ಸೀಲನ್ನೂ ದಾಟಿ ಆಯಿಲ್ ಬರುತ್ತದೆ.

ನನ್ನ ಗಾಡಿಯಲ್ಲಿ ಎರಡೂ ಹೋಗಿದ್ದವು. ಕೆಲಸ ಮಾಡಿಕೊಟ್ಟವರು ಗೋಕುಲ ರೋಡ್ ಕಡೆಯ ಒಬ್ಬ ಹಿರಿಯ ಮಿಸ್ತ್ರಿ. ಅವರ ಕೆಲಸ ನೋಡುತ್ತಾ ನಿಂತಿದ್ದೆ. ಬ್ಯಾಟರಿಯ ನೆಗೆಟಿವ್ ತೆಗೆದರು. ಪ್ಲಗ್ ವೈರಿಗೆ ನಂಬರ್ ಬರೆದರು. ಬಾಡಿಗೂ ಹೆಡ್‌ಗೂ ಸೇರಿಸಿ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದರು, ಮತ್ತೆ ಕೂರಿಸುವಾಗ ಟೈಮಿಂಗ್ (ಸ್ಪಾರ್ಕ್ ಬರುವ ಹೊತ್ತು) ಹತ್ತಿರಕ್ಕೆ ಬರಲಿ ಅಂತ. ಹೊರಗೆ ಬಂದ ಓ-ರಿಂಗ್ ದುಂಡಗೆ ಇರಲೇ ಇಲ್ಲ, ಚಪ್ಪಟೆಯಾಗಿತ್ತು. ಉಗುರಲ್ಲಿ ಒತ್ತಿದರೆ ಪಟ್ ಅಂತ ಮುರಿಯಿತು. ಆಮೇಲೆ ಶಾಫ್ಟ್ ಹಿಡಿದು ಆಚೀಚೆ ಅಲ್ಲಾಡಿಸಿದರು. ‘ಆಟ ಇಲ್ಲ ಬಿಡ್ರಿ, ಸೀಲ್ ಹಾಕಿದ್ರ ಸಾಕು’ ಅಂದರು. ಶಾಫ್ಟಿಗೆ ಆಟ ಇದ್ದರೆ ಹೊಸ ಸೀಲ್ ಜಾಸ್ತಿ ದಿನ ಬಾಳುವುದಿಲ್ಲ, ಮೊದಲು ಬೇರಿಂಗ್ ನೋಡಬೇಕು.

ಒಳಗಿನ ಸೀಲಿಗಾಗಿ, ಶಾಫ್ಟನ್ನು ಕ್ಯಾಮ್‌ಶಾಫ್ಟಿಗೆ ಜೋಡಿಸುವ ಕಪ್ಲಿಂಗ್‌ನ ಪಿನ್ ತಟ್ಟಿ ತೆಗೆಯಬೇಕು. ಅದಕ್ಕೂ ಮುಂಚೆ ಕಪ್ಲಿಂಗ್ ಯಾವ ಕಡೆ ಇತ್ತು ಅಂತ ಗುರುತು ಹಾಕಲೇಬೇಕು. ಅರ್ಧ ಸುತ್ತು ತಿರುಗಿ ಕೂತರೆ ಸ್ಪಾರ್ಕ್ ತಪ್ಪು ಸಿಲಿಂಡರಿಗೆ ಹೋಗಿ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಸೀಲ್ ಬೇರಿಂಗ್ ಅಂಗಡಿಯಲ್ಲಿ ಅಳತೆ ಮೇಲೆ ಸಿಗುತ್ತದೆ: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗಿರಬೇಕು. ಓ-ರಿಂಗ್ ಕೇಳುವಾಗ ಆಯಿಲ್ ತಾಳುವ ವೈಟಾನ್ ರಬ್ಬರ್ ಅಂತಲೇ ಕೇಳಿ, ಅದು ಸಿಗದಿದ್ದರೆ ನೈಟ್ರೈಲ್ ರಬ್ಬರ್. ನಲ್ಲಿ ಸಾಮಾನಿನ ಅಂಗಡಿಯ ರಿಂಗ್ ಬೇಡ, ಅವುಗಳಲ್ಲಿ ಕೆಲವು ರಬ್ಬರ್ ಆಯಿಲ್ ತಾಗಿದರೆ ಉಬ್ಬುತ್ತದೆ. ರಿಂಗ್ ಬದಲು ಗ್ಯಾಸ್ಕೆಟ್ ಪೇಸ್ಟ್ ಮೆತ್ತುವವರನ್ನಂತೂ ದಯವಿಟ್ಟು ತಡೆಯಿರಿ. ಒಳಗೆ ಕಿತ್ತುಬಂದ ಚೂರು ಆಯಿಲ್ ಪಂಪಿನ ಜಾಲರಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಎಲ್ಲ ಕೂರಿಸಿದ ಮೇಲೆ ಟೈಮಿಂಗ್ ಲೈಟ್ ಹಿಡಿಸಿ. ಪೇಂಟ್ ಗೆರೆ ಅಂದಾಜಿಗೆ ಮಾತ್ರ. ಟೈಮಿಂಗ್ ಮುಂದಾದರೆ ಇಂಜಿನ್ ಟಕಟಕ ಅನ್ನುವ ನಾಕಿಂಗ್, ಹಿಂದಾದರೆ ಪಿಕಪ್ ಇರುವುದಿಲ್ಲ.

ಗ್ಯಾರೇಜಿನವರು ಅಸೆಂಬ್ಲಿ ಅಂತ ಯಾಕೆ ಹೇಳುತ್ತಾರೆ ಅಂತಲೂ ಹೇಳಿಬಿಡುತ್ತೇನೆ. ಆ ಮಿಸ್ತ್ರಿಯನ್ನೇ ಕೇಳಿದೆ. ‘ಸರ್ರ, ಸಾಮಾನಿಗೆ ಎಷ್ಟ ಹೇಳಿದ್ರೂ ಕೊಡ್ತಾರ್ರಿ. ಕೂಲಿ ಅಂದ್ರ ಚೌಕಾಸಿ. ಒಂದ ರಿಂಗಿಗೆ ಅರ್ಧಾ ದಿನದ ಕೂಲಿ ಕೇಳಿದ್ರ ಜಗಳಾನ ಮಾಡ್ತಾರ’ ಅಂದರು. ನಿಜ. ಬಿಚ್ಚಿ, ತೊಳೆದು, ಅಳೆದು ಕೂರಿಸುವ ಕೈಗೆ ಬೆಲೆ ಇಲ್ಲ, ಡಬ್ಬಿಯಲ್ಲಿ ಬರುವ ಸಾಮಾನಿಗೆ ಮಾತ್ರ ಬೆಲೆ ಅಂದರೆ ಯಾರು ತಾನೇ ರಿಪೇರಿ ಮಾಡುತ್ತಾರೆ? ರಿಂಗಿನ ಬೆಲೆ ತೋರಿಸಿ ಕೂಲಿ ಇಳಿಸಬೇಡಿ. 15 ವರ್ಷ ದಾಟಿದ ಗಾಡಿಗೆ ಆರ್‌ಟಿಓದಲ್ಲಿ ಗ್ರೀನ್ ಟ್ಯಾಕ್ಸ್ ಕಟ್ಟಿ 5 ವರ್ಷಕ್ಕೆ ಆರ್‌ಸಿ ನವೀಕರಿಸುತ್ತೇವೆ. ಆ ಗಾಡಿಯನ್ನು ಓಡುವಂತೆ ಇಡುವ ಮನುಷ್ಯನಿಗೆ ಅರ್ಧ ದಿನದ ಕೂಲಿ ಖುಷಿಯಿಂದ ಕೊಡಿ.

ಇನ್ನು, ಈಗಾಗಲೇ ಅಸೆಂಬ್ಲಿ ಬದಲಾಯಿಸಿದವರು ಹಳೇದನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಗದಗ, ಹಾವೇರಿ ಕಡೆ ಯಾರ ಹತ್ತಿರವಾದರೂ ಮೊದಲ ಸಿಟಿಯ ಡಿಸ್ಟ್ರಿಬ್ಯೂಟರ್ ಸುಮ್ನೆ ಬಿದ್ದಿದ್ದರೆ ಗುಜರಿಗೆ ಹಾಕುವ ಮುಂಚೆ ನನಗೊಂದು ಮಾತು ಹೇಳಿ. ಸೋರುತ್ತಿದ್ದರೂ ಪರವಾಗಿಲ್ಲ, ನಾನೇ ಬಂದು ಒಯ್ಯುತ್ತೇನೆ.