ಹೋಗಿ ಬರುತ್ತೇನೆ, ಬೋಂಡ

ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು. ಅಜ್ಜಿ ಕಲಿಸಿದ ಈ ಪಾಠವನ್ನು ಐವತ್ತು ವರ್ಷ ತಪ್ಪದೆ ಪಾಲಿಸಿದ್ದೇನೆ. ಅದನ್ನು ಎಳ್ಳಷ್ಟೂ ನಂಬದ ಜೀವವೊಂದು ಕಳೆದ ಮಳೆಗಾಲದಲ್ಲಿ ಮನೆ ಸೇರಿತು. ಹೆಸರು ಬೋಂಡ. ಬಣ್ಣ ಅದೇ, ಮೈಕಟ್ಟು ಮಾತ್ರ ಕಡ್ಡಿ. ಮೋರಿಯ ಪಕ್ಕದಲ್ಲಿ ನಡುಗುತ್ತಿದ್ದ ಬೀದಿಮರಿಗೆ ಈಗ ಹತ್ತು ತಿಂಗಳು.

ಬೋಂಡನಿಗೆ ಎರಡೇ ಭಯ. ಒಂದು, ನಾವು ದೂರ ಹೋಗುವುದು. ಇನ್ನೊಂದು, ಕೈಯಲ್ಲಿ ಉಗುರುಕತ್ತರಿ ಹಿಡಿದು ಹತ್ತಿರ ಬರುವುದು.

ಎರಡನೆಯದರಲ್ಲಿ ತಪ್ಪು ನನ್ನದು. ನಾಯಿಯ ಉಗುರಿನೊಳಗೆ ರಕ್ತನಾಳವಿರುತ್ತದೆ. ಉಗುರು ಬಿಳಿಯಾಗಿದ್ದರೆ ಅದು ನಸುಗೆಂಪಾಗಿ ಕಾಣುತ್ತದೆ; ಬೋಂಡನದು ಕಾಡಿಗೆ ಕಪ್ಪು. ಮೊದಲ ದಿನವೇ ಅಂದಾಜು ತಪ್ಪಿ ಒಂದು ಹನಿ ರಕ್ತ ಬಂತು, ಜೊತೆಗೆ ಇಡೀ ಬೀದಿಯೇ ಬಾಗಿಲಿಗೆ ಬರುವಂಥ ಕೂಗು. ಕಾರ್ನ್‌ಫ್ಲೋರ್ ಒತ್ತಿ ರಕ್ತ ನಿಲ್ಲಿಸಿದೆವು. ಅಲ್ಲಿಂದ ಮುಂದೆ ನಾನು ನನ್ನ ಉಗುರು ಕತ್ತರಿಸಿಕೊಂಡರೂ ಅವನು ಮಂಚದಡಿ.

‘ಅವಸರ ಬೇಡ’ ಎಂದರು ಪಶುವೈದ್ಯರು. ಕತ್ತರಿಯನ್ನು ಸುಮ್ಮನೆ ನೆಲದ ಮೇಲಿಟ್ಟು ಪಕ್ಕದಲ್ಲಿ ಪನ್ನೀರ್ ಚೂರು ಕೊಡಿ. ಕೆಲವು ದಿನ ಬಿಟ್ಟು ಪಾದ ಮುಟ್ಟಿ, ಮತ್ತೆ ಪನ್ನೀರ್. ಆಮೇಲೆ ದಿನಕ್ಕೊಂದೇ ಉಗುರು. ಚಿಕ್ಕಂದಿನಲ್ಲಿ ಕ್ಷೌರದಂಗಡಿಯ ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ನನ್ನನ್ನು ಕೂರಿಸಿ, ಬಾಯಿಗೆ ಪೆಪ್ಪರ್‌ಮಿಂಟ್ ತುರುಕುತ್ತಿದ್ದ ತಾತನಿಗೂ ಈ ಶಾಸ್ತ್ರ ಗೊತ್ತಿತ್ತು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18. ಕೊನೆಯದಕ್ಕೆ ತಲುಪುವಷ್ಟರಲ್ಲಿ ಮೊದಲನೆಯದು ಮತ್ತೆ ಬೆಳೆದು ನಿಂತಿರುತ್ತದೆ. ಈ ಮನೆಯಲ್ಲಿ ಪನ್ನೀರ್ ಖರ್ಚಿಗೆ ಕೊನೆಯಿಲ್ಲ.

ಒಂಟಿತನದ್ದು ಕಠಿಣ ಕತೆ. ನಾನು ಲುಂಗಿ ಬಿಟ್ಟು ಪ್ಯಾಂಟ್ ಹಾಕಿದರೆ ಅವನ ಕಿವಿ ನಿಮಿರುತ್ತದೆ. ಬೀಗದ ಕೈ ಸದ್ದಾದರೆ ಏದುಸಿರು. ಒಮ್ಮೆ ನಾವು ಮದುವೆ ಊಟ ಮುಗಿಸಿ ಬರುವಷ್ಟರಲ್ಲಿ ಬಾಗಿಲಿನ ಚೌಕಟ್ಟನ್ನು ಕಬ್ಬಿನಂತೆ ಸಿಗಿದಿಟ್ಟಿದ್ದ. ಗದರಿದೆ. ಕಿವಿ ಮಡಚಿ, ಕಣ್ಣು ತಪ್ಪಿಸಿ ಮೂಲೆ ಸೇರಿದ. ‘ನೋಡು, ಮಾಡಿದ ತಪ್ಪು ಅವನಿಗೇ ಗೊತ್ತು’ ಎಂದೆ ಹೆಂಡತಿಗೆ. ಆಮೇಲೆ ಓದಿದೆ: ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಸಂಶೋಧಕಿ 2009ರಲ್ಲೇ ಇದನ್ನು ಪರೀಕ್ಷಿಸಿದ್ದರಂತೆ. ಆ ಮುಖ ತಪ್ಪಿನದ್ದಲ್ಲ, ಬೈಗುಳದ್ದು; ಏನೂ ಮಾಡದ ನಾಯಿಯನ್ನು ಬೈದರೂ ಅದೇ ಮುಖ. ಆ ರಾತ್ರಿ ಮೂಲೆ ಸೇರುವ ಸರದಿ ನನ್ನದಾಯಿತು.

ಈಗ ನಿತ್ಯ ನಾಟಕ ನಡೆಯುತ್ತಿದೆ. ಪ್ಯಾಂಟ್ ಹಾಕಿಕೊಂಡು ಪೇಪರ್ ಓದುತ್ತೇನೆ. ಬೀಗದ ಕೈ ಹಿಡಿದು ತುಳಸಿಗೆ ನೀರು ಹಾಕುತ್ತೇನೆ. ಅರ್ಧ ನಿಮಿಷ ಹೊರಗಿದ್ದು ಒಳಬರುತ್ತೇನೆ. ಮರುದಿನ ಒಂದು ನಿಮಿಷ. ಮುದ್ದು ಮಾಡಿ ಬೀಳ್ಕೊಂಡರೆ ಗಾಬರಿ ಹೆಚ್ಚಾಗಬಹುದು, ಸದ್ದಿಲ್ಲದೆ ಹೊರಡಿ ಎಂಬುದು ವೈದ್ಯರ ಆಜ್ಞೆ. ನಾಲಿಗೆಯ ತುದಿಗೆ ಬಂದ ‘ಹೋಗಿ ಬರುತ್ತೇನೆ’ಯನ್ನು ನುಂಗಿಕೊಂಡು ಹೊಸ್ತಿಲು ದಾಟುವಾಗ ಅಜ್ಜಿ ಎಲ್ಲೋ ಮುಖ ಸಿಂಡರಿಸಿದಂತಾಗುತ್ತದೆ.

ನಿನ್ನೆ ಮೆಟ್ಟಿಲ ಮೇಲೆ ಕೂತು ಗಡಿಯಾರ ನೋಡುತ್ತಿದ್ದೆ. ಹಾಲು ಹಿಡಿದು ಬಂದ ಮೇಲಿನ ಮನೆಯವರು, ‘ಏನು ಸಾರ್, ಮನೆಯವರು ಹೊರಗೆ ಹಾಕಿದರೇ?’ ಎಂದರು. ತುಟಿಯ ಮೇಲೆ ಬೆರಳಿಟ್ಟೆ. ಅವರೂ ಕಾರಣ ಕೇಳದೆ ಪಕ್ಕದಲ್ಲಿ ನಿಂತರು. ಒಂಬತ್ತು ನಿಮಿಷ. ಒಳಗೆ ಟಿಕ್ ಟಿಕ್ ಎಂದು ಹೆಜ್ಜೆ ಸದ್ದು ಬಾಗಿಲವರೆಗೆ ಬಂತು, ನಿಂತಿತು, ಮತ್ತೆ ನಿಧಾನವಾಗಿ ಅಡುಗೆಮನೆಯ ಕಡೆ ಹೊರಳಿತು.

ಎಡಗಾಲಿನ ಉಗುರು ಬೆಳೆದಿದೆ ಎಂದುಕೊಂಡೆ.