ಭಯ ಇಟ್ಟುಕೊಂಡೇ ರೂಮ್ ಬುಕ್ ಮಾಡಿದವರು

ಕೊರೊನಾ ಇಳಿದ ಮೇಲೆ ಕೊಡಗಿನ ಹೋಂಸ್ಟೇಗಳು ತುಂಬಿದ್ದು ನೋಡಿ "ಜನ ಎಲ್ಲಾ ಮರೆತುಬಿಟ್ಟರು" ಅಂದವರು ಬಹಳ. ನಾನು ಒಪ್ಪುವುದಿಲ್ಲ. ಮರೆತವರು ಬ್ಯಾಗಿನಲ್ಲಿ ಮನೆಯ ಬೆಡ್‌ಶೀಟ್, ದಿಂಬಿನ ಕವರ್ ತುಂಬಿಕೊಂಡು ಹೊರಡುತ್ತಾರಾ? ನಮ್ಮಮ್ಮ ಹಾಗೇ ಹೊರಟಿದ್ದರು. ಭಯ ಇತ್ತು, ಆದರೂ ಹೊರಟರು. ಮನಸ್ಸಿನ ಗಟ್ಟಿತನ ಅಂದರೆ ನನಗೆ ಇದೇ. ಅದು ಒಂದೇ ದಿನಕ್ಕೆ ಬರಲೂ ಇಲ್ಲ. ಮೊದಲು ದಾರಿಬದಿಯಲ್ಲಿ ಒಂದು ಕಾಫಿ. ಆಮೇಲೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್. ರಾತ್ರಿ ತಂಗಲು ಮನಸ್ಸಾಗಿದ್ದು ಎಷ್ಟೋ ದಿನದ ನಂತರ.

2020ರ ಜೂನ್ 8ರಿಂದ ಹೋಟೆಲ್ ತೆರೆಯಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಬಾಗಿಲು ತೆರೆದ ಕೂಡಲೇ ಜನ ಬರಲಿಲ್ಲ. ಹೋಟೆಲ್‌ನವರು ಒರೆಸಿದ್ದೇ ಒರೆಸಿದ್ದು. ಟಿವಿ ರಿಮೋಟ್‌ಗೆ ಪ್ಲಾಸ್ಟಿಕ್, ಕಮೋಡ್ ಮೇಲೆ 'ಸ್ಯಾನಿಟೈಸ್ ಮಾಡಲಾಗಿದೆ' ಅನ್ನುವ ಕಾಗದದ ಪಟ್ಟಿ. ಆದರೆ ವೈರಸ್ ಇರುವ ವಸ್ತು ಮುಟ್ಟಿದಾಗ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತ ಕಡಿಮೆ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿತು. ಸೋಂಕು ಹೆಚ್ಚು ಹರಡುತ್ತಿದ್ದದ್ದು ಉಸಿರಾಡುವ ಗಾಳಿಯಿಂದ. ಬೇಕಾಗಿದ್ದದ್ದು ತೆರೆದ ಕಿಟಕಿ.

ಮಡಿಕೇರಿ ಹತ್ತಿರದ ಹೋಂಸ್ಟೇಯಲ್ಲಿ ಮನೆಯಾಕೆ ಅಮ್ಮನಿಗೆ ಹೇಳಿದ್ದು ಇಷ್ಟು: "ನಿನ್ನೆಯಿಂದ ಈ ರೂಮಿನಲ್ಲಿ ಯಾರೂ ಇಲ್ಲ ಅಮ್ಮಾ, ಕಿಟಕಿ ತೆಗೆದೇ ಇಟ್ಟಿದ್ದೆ. ಊಟ ಹೊರಗೆ ಜಗಲಿಗೇ ತರಲಾ?" ಅಮ್ಮ ಮುಜುಗರದಿಂದಲೇ ತಮ್ಮ ಬೆಡ್‌ಶೀಟ್ ತೆಗೆದರು. ಆಕೆ ಒಂದಿಷ್ಟೂ ಬೇಸರಪಡದೆ ಇನ್ನೊಂದು ತುದಿ ಹಿಡಿದು ಹಾಸಲು ಕೈ ಜೋಡಿಸಿದರು. ಅಮ್ಮನಿಗೆ ಧೈರ್ಯ ಬಂದಿದ್ದು ಅಲ್ಲಿ. ಈಗಲೂ ಕೊಡಗು ಅಂದರೆ ಅದೇ ಮನೆಗೆ ಹೋಗೋಣ ಅನ್ನುತ್ತಾರೆ.

ಪ್ರವಾಸಿಗರ ಮನೋಬಲದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ ಮನೆಯಾಕೆಯದು? ಕೊಡಗಿನವರು 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ನೋಡಿದರು, 2019ರಲ್ಲಿ ಮತ್ತೆ ಮಳೆಯ ಹೊಡೆತ ತಿಂದರು. ಚೇತರಿಸಿಕೊಳ್ಳುವಷ್ಟರಲ್ಲಿ ಲಾಕ್‌ಡೌನ್. ಅಷ್ಟಾದ ಮೇಲೂ ಅಪರಿಚಿತರನ್ನು ಮನೆಯೊಳಗೆ ಕರೆದರಲ್ಲ, ಅವರಿಗೂ ಮನೆಯಲ್ಲಿ ವಯಸ್ಸಾದವರು ಇದ್ದರು.

ಇನ್ನೊಂದು ಊರಿನ ಹೋಟೆಲ್‌ನವರು ಲಾಕ್‌ಡೌನ್‌ನಲ್ಲಿ ನಮ್ಮ ಅಡ್ವಾನ್ಸ್ ವಾಪಸ್ ಕೊಡಲೇ ಇಲ್ಲ. ಅಲ್ಲಿ ಎಷ್ಟೇ ಶುಚಿಯಿದ್ದರೂ ನಾವು ಕಾಲಿಡುವುದಿಲ್ಲ.

ಮತ್ತೆ ಇಂಥ ಕಾಯಿಲೆ ಬಂದರೆ ಹೋಟೆಲ್‌ನವರು ಬುಕಿಂಗ್ ರದ್ದಾದವರ ಹಣ ಮೊದಲು ಕೊಡಲಿ. ಜ್ವರ ಬಂದ ಅಡುಗೆಯವರಿಗೆ, ರೂಮ್ ಬಾಯ್‌ಗೆ ಸಂಬಳ ಹಿಡಿಯದೆ ರಜೆ ಕೊಡಲಿ. ಕೊಟ್ಟಿದ್ದೇವೆ ಅಂತ ಬಂದವರಿಗೆ ಬಾಯಿಬಿಟ್ಟು ಹೇಳಲಿ.